ನಿಲ್ಲಿಸಿದ ವಾಹನಕ್ಕೆ ಬಿದ್ದ ಪೆಟ್ಟು

ಹೆಬ್ಬಗೋಡಿಯು ಹೊಸೂರು ಹೆದ್ದಾರಿಯ ಮಗ್ಗುಲಲ್ಲಿ ಕೈಗಾರಿಕೆಗಳೊಡನೆ ಬೆಳೆದ ಊರು. ಅಲ್ಲಿಯ ಇಕ್ಕಟ್ಟಾದ ಬೀದಿಯಲ್ಲಿ ಗೃಹಸ್ಥನು ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ತಗ್ಗುಬಿದ್ದಿರುವುದುಂಟು. ತಗುಲಿಸಿದವನು ಯಾರೆಂದು ತಿಳಿಯದು. ಆಗ ಆತನ ಕರ್ತವ್ಯವೇನು?

ಲೌಕಿಕ ವಿಧಿಯು ಸ್ಪಷ್ಟವಾಗಿದೆ. ಅಪಘಾತದಲ್ಲಿ ಅನ್ಯರ ಸ್ವತ್ತಿಗೆ ಹಾನಿಯಾದರೆ, ಸ್ಥಳದಲ್ಲಿ ಪೋಲೀಸರಿಲ್ಲದಿದ್ದಲ್ಲಿ, ಚಾಲಕನು 24 ಗಂಟೆಗಳೊಳಗೆ ಠಾಣೆಗೆ ವರದಿ ಮಾಡಬೇಕೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 134ನೆಯ ಪ್ರಕರಣವು ವಿಧಿಸುತ್ತದೆ. ಅವನು ಮರೆಯಾದರೆ, ನೊಂದವನು ಚಿತ್ರ ತೆಗೆದಿರಿಸಿ, ನೆರೆಯವರ ಕ್ಯಾಮೆರಾದಲ್ಲಿ ನೋಡಿ, ಠಾಣೆಗೂ ವಿಮಾ ಸಂಸ್ಥೆಗೂ ತಿಳಿಸುವುದು ನ್ಯಾಯವೇ. ಪರರ ಹಾನಿಗೆ ಮಾತ್ರ ವಿಮೆಯಿದ್ದಲ್ಲಿ ದುರಸ್ತಿಯ ವೆಚ್ಚ ತನ್ನದೇ ಆಗುತ್ತದೆ.

ಧರ್ಮಸಂಕಟವು ಇಲ್ಲಿಂದ ಮುಂದೆ. ಕೋಪಕ್ಕೆ ಗುರಿಯಾಗಿ ಒಬ್ಬನು ಬೇಕು. ಎದುರುಮನೆಯ ಬಾಡಿಗೆದಾರನನ್ನೋ ಹಾಲಿನ ಗಾಡಿಯವನನ್ನೋ ಅದು ಆರಿಸಿಕೊಳ್ಳುತ್ತದೆ. ಸಾಕ್ಷಿಯಿಲ್ಲದ ಸಂಶಯವು ನಿರಪರಾಧಿಗೆ ಬೀಳುವ ಪೆಟ್ಟು. ಅದನ್ನು ಕೊಟ್ಟವನು ಅಜ್ಞಾತನಲ್ಲ, ನಾವೇ. ತಗಡಿನ ತಗ್ಗನ್ನು ಗ್ಯಾರೇಜಿನವನು ಎತ್ತಿಯಾನು. ನೊಂದ ನೆರೆಯವನ ಮನಸ್ಸನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.

ತಿಳಿಯದುದನ್ನು ತಿಳಿಯದೆಂದೇ ಒಪ್ಪಿ ನಡೆಯುವುದೂ ಅರಿವೇ. ನಾಳೆ ನಮ್ಮ ಗಾಡಿಯೇ ಮತ್ತೊಬ್ಬರದಕ್ಕೆ ತಾಗಿದರೆ, ಯಾರೂ ಕಾಣದಿದ್ದರೂ ಠಾಣೆಗೆ ತಿಳಿಸಿ, ಹೆಸರು ವಿಳಾಸಗಳನ್ನು ಬರೆದಿಟ್ಟು ಬರುವುದು ಆಚಾರ.