ಬೆಡಗಿನ ವಚನಗಳೂ ಭಕ್ತನ ಉತ್ತರವೂ

ಮರೆಯಾಗಿರುವುದನ್ನು ಕಂಡುಹಿಡಿಯಬೇಕೆಂಬ ಕುತೂಹಲವು ಮಾನವನಿಗೆ ಹುಟ್ಟುಗುಣವಾಗಿದೆ. ತಾಯಿಯು ಸೆರಗಿನಿಂದ ಮುಖವನ್ನು ಮುಚ್ಚಿ ತೆರೆದರೆ ತೊಟ್ಟಿಲ ಕೂಸು ಕೇಕೆ ಹಾಕಿ ನಗುತ್ತದೆ. ಅದೇ ಕೂಸು ನಾಲ್ಕು ವರ್ಷ ಬೆಳೆದು ಅಜ್ಜಿಯ ಮಗ್ಗುಲಲ್ಲಿ ಮಲಗಿ ಒಗಟು ಕೇಳುತ್ತದೆ. ಮೂರು ಕಣ್ಣುಳ್ಳವನಾದರೂ ಶಿವನಲ್ಲದವನು, ಹೊಟ್ಟೆಯ ತುಂಬ ನೀರಿದ್ದರೂ ಕೊಡವಲ್ಲದವನು ಯಾರೆಂದು ಅಜ್ಜಿಯು ಕೇಳಿದರೆ, ತೆಂಗಿನಕಾಯಿ ಎಂದು ಕೂಗಿ ಎದ್ದು ಕುಳಿತುಕೊಳ್ಳುತ್ತದೆ. ಆ ಮಗುವೇ ಮನೆಯ ಯಜಮಾನನಾದ ಮೇಲೆ ಬೆಳಗಿನ ದಿನಪತ್ರಿಕೆಯ ಪದಬಂಧವನ್ನು ಬಿಡಿಸದೆ ಏಳುವುದಿಲ್ಲ. 1913ನೆಯ ಇಸವಿಯ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವನು ನ್ಯೂಯಾರ್ಕ್ ವರ್ಲ್ಡ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟಿಸಿದ ಚೌಕಗಳ ಆಟವು ಸಮುದ್ರವನ್ನು ದಾಟಿ ಬಂದು ಕನ್ನಡದ ಮನೆಗಳಲ್ಲಿಯೂ ನೆಲೆಸಿದೆ. ಈಗಂತೂ ಅಂಗೈಯ ಮೊಬೈಲಿನಲ್ಲಿಯೇ ದಿನಕ್ಕೊಂದು ಒಗಟೂ ಅದರ ಉತ್ತರವೂ ದೊರೆಯುತ್ತವೆ.

ಇದನ್ನು ಹಳಿಯಬೇಕಾದ ಕಾರಣವಿಲ್ಲ. ಬುದ್ಧಿಯು ಶಿವನಿತ್ತ ಆಯುಧವಾದುದರಿಂದ ಅದನ್ನು ದಿನವೂ ಮಸೆಯುವುದು ಒಳ್ಳೆಯದೇ ಆಗಿದೆ. ಆದರೆ ಇಂತಹ ಒಗಟುಗಳಿಗೆಲ್ಲ ಒಂದು ಸಮಾನ ಲಕ್ಷಣವುಂಟು. ಉತ್ತರವು ಸಿಕ್ಕ ಕ್ಷಣದಲ್ಲಿ ಒಗಟು ಸಾಯುತ್ತದೆ. ತೆಂಗಿನಕಾಯಿ ಎಂದು ತಿಳಿದ ಮಗುವಿಗೆ ಅದೇ ಒಗಟನ್ನು ಮತ್ತೆ ಹೇಳಿದರೆ ಅದು ಆಕಳಿಸುತ್ತದೆ. ನಿನ್ನೆಯ ಪದಬಂಧವು ಇಂದಿನ ರದ್ದಿಯಾಗುತ್ತದೆ. ಉತ್ತರವು ಸಿಕ್ಕ ಮೇಲೆಯೇ ಜೀವ ತಳೆಯುವ ಒಗಟು ಯಾವುದಾದರೂ ಉಂಟೇ ಎಂಬ ಪ್ರಶ್ನೆಯನ್ನು ಶಿವಭಕ್ತನು ಕೇಳಿಕೊಳ್ಳಬೇಕಾಗಿದೆ. ಉಂಟು, ಶರಣರು ಅದನ್ನು ಬೆಡಗಿನ ವಚನಗಳಲ್ಲಿ ಇಟ್ಟುಹೋಗಿರುವರು.

ಬೆಡಗು ಎಂದರೆ ಸೊಗಸು, ಬಿನ್ನಾಣ, ಬೆರಗುಗೊಳಿಸುವ ಗೂಢತೆ. ಹೊರಗೆ ಒಂದನ್ನು ನುಡಿದು ಒಳಗೆ ಬೇರೊಂದನ್ನು ಸೂಚಿಸುವ ವಚನವೇ ಬೆಡಗಿನ ವಚನ. ಹಳ್ಳಿಯ ಜನರು ಒಗಟು, ಒಡಪು, ಮುಂಡಿಗೆ ಎಂದು ಕರೆಯುವ ಮಾತಿನ ಬಗೆಯನ್ನೇ ಶರಣರು ಅನುಭಾವದ ಎತ್ತರಕ್ಕೆ ಏರಿಸಿದರು. ಇವರಲ್ಲಿ ಅಗ್ರಗಣ್ಯನು ಹನ್ನೆರಡನೆಯ ಶತಮಾನದ ಅಲ್ಲಮಪ್ರಭುದೇವನು. ಬಳ್ಳಿಗಾವೆಯಿಂದ ಹೊರಟು ಕಲ್ಯಾಣದ ಶೂನ್ಯಸಿಂಹಾಸನವನ್ನೇರಿದ ಆ ಮಹಾಜ್ಞಾನಿಯು, ಗುಹೇಶ್ವರನೆಂಬ ಅಂಕಿತದಲ್ಲಿ ನುಡಿದ ಅನೇಕ ವಚನಗಳು ಮೊದಲ ಓದಿಗೆ ಬಾಗಿಲು ತೆರೆಯುವುದಿಲ್ಲ. ಕೇಳಿದವನನ್ನು ಅವು ಹೊಸ್ತಿಲಲ್ಲಿಯೇ ನಿಲ್ಲಿಸುತ್ತವೆ.

ಪ್ರಭುದೇವನ ಒಂದು ವಚನದ ರೀತಿಯನ್ನು ನೋಡಬಹುದು. ಹರಿಯುವ ಹೊಳೆಗೆ ಶರೀರವೆಲ್ಲವೂ ಕಾಲೇ ಆಗಿದೆಯೆಂದೂ, ಉರಿಯುವ ಬೆಂಕಿಗೆ ಶರೀರವೆಲ್ಲವೂ ಬಾಯೇ ಆಗಿದೆಯೆಂದೂ, ಬೀಸುವ ಗಾಳಿಗೆ ಶರೀರವೆಲ್ಲವೂ ಕೈಯೇ ಆಗಿದೆಯೆಂದೂ ಅದು ಸಾರುತ್ತದೆ. ಇವು ಮೂರನ್ನೂ ಪ್ರಶ್ನೆಗಳಾಗಿ ತಿರುಗಿಸಿದರೆ ಮೂರು ಒಗಟುಗಳಾಗುತ್ತವೆ. ಮೈಯೆಲ್ಲ ಕಾಲಾಗಿರುವುದು ಯಾವುದು, ಮೈಯೆಲ್ಲ ಬಾಯಾಗಿರುವುದು ಯಾವುದು, ಮೈಯೆಲ್ಲ ಕೈಯಾಗಿರುವುದು ಯಾವುದು ಎಂದರೆ, ಚುರುಕಾದ ಬಾಲಕನು ಹೊಳೆ, ಬೆಂಕಿ, ಗಾಳಿ ಎಂದು ಉತ್ತರಿಸಬಲ್ಲನು. ಅಷ್ಟಕ್ಕೆ ಪ್ರಭುವು ನಿಲ್ಲಿಸುವುದಿಲ್ಲ. ಶರಣನಿಗೆ ಅಂಗವೆಲ್ಲವೂ ಲಿಂಗವೇ ಎಂದು ನಾಲ್ಕನೆಯದನ್ನು ಜೋಡಿಸಿಬಿಡುತ್ತಾನೆ. ಮೈಯೆಲ್ಲ ಲಿಂಗವಾಗಿರುವವನು ಯಾರೆಂದು ಕೇಳಿದರೆ ಶರಣನೆಂಬ ಪದವು ಬಾಯಿಗೆ ಸುಲಭವಾಗಿ ಬರುತ್ತದೆ. ಆದರೆ ಉತ್ತರವು ಪದದಿಂದ ಮುಗಿಯಲಿಲ್ಲ. ಮೊದಲಿನ ಮೂರು ಉತ್ತರಗಳು ಹೊರಗಿನ ವಸ್ತುಗಳು. ಅವುಗಳನ್ನು ಬೆರಳು ಮಾಡಿ ತೋರಿಸಬಹುದು. ನಾಲ್ಕನೆಯ ಉತ್ತರವನ್ನು ತೋರಿಸಬೇಕಾದರೆ ಉತ್ತರಿಸುವವನು ತಾನೇ ಅದಾಗಬೇಕು. ಬುದ್ಧಿಯ ಒಗಟಿಗೂ ಬೆಡಗಿಗೂ ಇರುವ ಅಂತರವು ಇಷ್ಟೇ, ಮತ್ತು ಇಷ್ಟು ದೊಡ್ಡದು.

ಇನ್ನೊಂದು ವಚನದಲ್ಲಿ ಪ್ರಭುವು ಮಾವಿನ ಮರಕ್ಕೂ ಕೋಗಿಲೆಗೂ ಇರುವ ನಂಟೇನೆಂದು ಕೇಳುತ್ತಾನೆ. ಮಲೆಯ ಮೇಲಿನ ನೆಲ್ಲಿಗೂ ಕಡಲಿನ ಉಪ್ಪಿಗೂ ಇರುವ ನಂಟೇನೆಂದು ಕೇಳುತ್ತಾನೆ. ಕೊನೆಗೆ ಗುಹೇಶ್ವರಲಿಂಗಕ್ಕೂ ತನಗೂ ಇರುವ ಸಂಬಂಧವನ್ನೇ ಪ್ರಶ್ನೆಯಾಗಿ ಮುಂದಿಡುತ್ತಾನೆ. ಪಂಡಿತನು ಗ್ರಂಥಗಳಲ್ಲಿ ಹುಡುಕುವ ಈ ಉತ್ತರವು ಗೃಹಿಣಿಯ ಅಡಿಗೆಮನೆಯ ಉಪ್ಪಿನಕಾಯಿಯ ಭರಣಿಯಲ್ಲಿಯೇ ಇರುವುದು. ಒಂದು ಬೆಟ್ಟದಿಂದ ಇಳಿದು ಬಂದಿತು, ಇನ್ನೊಂದು ಸಮುದ್ರದಿಂದ ಏರಿ ಬಂದಿತು. ಭರಣಿಯಲ್ಲಿ ಕೂಡಿ ಕೆಲವು ವಾರ ಕಳೆದ ಮೇಲೆ ನೆಲ್ಲಿಯಿಂದ ಉಪ್ಪನ್ನು ಹೆಕ್ಕಿ ತೆಗೆಯುವೆನೆಂದರೆ ಯಾರಿಂದಲೂ ಸಾಧ್ಯವಾಗದು. ಆದರೆ ಕೂಡಿದ ದಿನವೇ ರುಚಿ ಬರುವುದಿಲ್ಲ. ಮಾಗಲು ಕಾಲ ಬೇಕು. ಭಕ್ತನೂ ಲಿಂಗವೂ ಒಂದಾಗುವುದಕ್ಕೆ ಇದೇ ನಿಯಮವು ಅನ್ವಯಿಸುತ್ತದೆ. ಉತ್ತರವನ್ನು ಕೇಳಿದ ದಿನವೇ ಅನುಭಾವಿಯಾದೆನೆಂದು ಯಾರೂ ಭಾವಿಸಬಾರದು.

ಉತ್ತರ ಕರ್ನಾಟಕದ ಮದುವೆಯ ಮನೆಗಳಲ್ಲಿ ಒಡಪು ಹೇಳಿಸುವ ಪದ್ಧತಿಯುಂಟು. ಮದುಮಗಳು ಗಂಡನ ಹೆಸರನ್ನು ನೇರವಾಗಿ ನುಡಿಯಲು ನಾಚುತ್ತಾಳೆ. ನಾದಿನಿಯರು ಬಾಗಿಲಿಗೆ ಅಡ್ಡಲಾಗಿ ನಿಂತು ಹೆಸರು ಹೇಳದ ಹೊರತು ಒಳಗೆ ಬಿಡೆವೆಂದು ಹಟ ಹಿಡಿಯುತ್ತಾರೆ. ಆಗ ಅವಳು ನಾಲ್ಕು ಸೊಗಸಾದ ಮಾತುಗಳನ್ನು ಹೆಣೆದು, ಅವುಗಳ ನಡುವೆ ಮುತ್ತಿನಂತೆ ಆ ಹೆಸರನ್ನು ಪೋಣಿಸಿ ಹೇಳಿ ಒಳಗೆ ಕಾಲಿಡುತ್ತಾಳೆ. ವಚನಗಳ ಅಂಕಿತವನ್ನು ಈ ದೃಷ್ಟಿಯಿಂದ ನೋಡಿದರೆ ಹೊಸ ಅರ್ಥ ಹೊಳೆಯುತ್ತದೆ. ಲಿಂಗವೇ ಪತಿ, ಶರಣನೇ ಸತಿ ಎಂಬ ಭಾವದಲ್ಲಿ ಬಾಳಿದವರು ತಮ್ಮ ನುಡಿಯ ಕೊನೆಗೆ ಒಡೆಯನ ಹೆಸರನ್ನು ಇಟ್ಟುದು ಒಡಪಿನ ರೀತಿಯೇ ಆಗಿದೆ.

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅವಳನ್ನು ಬಾಗಿಲಲ್ಲಿ ತಡೆದವನು ಪ್ರಭುದೇವನೇ. ನಿನ್ನ ಪತಿಯ ಕುರುಹನ್ನು ಹೇಳಿದರೆ ಬಂದು ಕುಳಿತುಕೋ, ಇಲ್ಲವಾದರೆ ಹೋಗು ಎಂಬ ಅರ್ಥದ ಕಠೋರವಾದ ಪ್ರಶ್ನೆಯನ್ನು ಅವನು ಹಾಕಿದನೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಅಕ್ಕನು ಚೆನ್ನಮಲ್ಲಿಕಾರ್ಜುನನ ಹೆಸರನ್ನು ಹೇಳಿದಳು. ಅಷ್ಟರಿಂದ ಪರೀಕ್ಷೆಯು ಮುಗಿಯಲಿಲ್ಲ. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬ ಪ್ರಶ್ನೆಯು ಹುಟ್ಟಿತು. ಅದಕ್ಕೆ ಉತ್ತರವಾದೊಡನೆ ಮತ್ತೊಂದು ಹುಟ್ಟಿತು. ಸರಿಯಾದ ಹೆಸರನ್ನು ಹೇಳಿದರೆ ಸಾಲದು, ಆ ಹೆಸರಿಗೆ ಬಾಳು ಸಾಕ್ಷಿಯಾಗಬೇಕೆಂಬುದೇ ಪ್ರಭುವಿನ ಅಭಿಪ್ರಾಯವಾಗಿತ್ತು. ಅಕ್ಕನ ಬಾಳು ಸಾಕ್ಷಿ ನುಡಿದುದರಿಂದಲೇ ಅನುಭವಮಂಟಪವು ಅವಳಿಗೆ ತಲೆಬಾಗಿತು.

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು, ವಿರಕ್ತರು ಚದರಿಹೋಗಿದ್ದ ವಚನಗಳನ್ನು ಸಂಗ್ರಹಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದನು. ಚಾಮರಸನು ಪ್ರಭುಲಿಂಗಲೀಲೆಯನ್ನು ಹಾಡಿದನು. ಬೆಡಗಿನ ವಚನಗಳಿಗೆ ಟೀಕೆಗಳು ಹುಟ್ಟಿದವು. ಮುಂದೆ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿ ತಾಳೆಗರಿಯ ಸಂಪತ್ತನ್ನು ಮನೆಮನೆಗೆ ಮುಟ್ಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಒಂದು ಕಾಲಕ್ಕೆ ಗುರುಮುಖದಿಂದಲ್ಲದೆ ಸಿಗದಿದ್ದ ಗೂಢಾರ್ಥವು ಇಂದು ಅಕ್ಷರ ಬಲ್ಲ ಯಾರಿಗಾದರೂ ಸಿಗುತ್ತದೆ.

ಇದು ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಪಕಾರದ ಬೆನ್ನ ಹಿಂದೆಯೇ ಒಂದು ಅಪಾಯವೂ ಬಂದಿದೆ. ಕೋತಿಯೆಂದರೆ ಮನಸ್ಸು, ಆನೆಯೆಂದರೆ ಮದ, ಹಾವೆಂದರೆ ಸಂಸಾರವಿಷಯ ಎಂಬಂತಹ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು, ಪದಬಂಧದ ಚೌಕಗಳನ್ನು ತುಂಬುವಂತೆ ವಚನದ ಪದಗಳಿಗೆ ಅರ್ಥಗಳನ್ನು ತುಂಬಿ, ಬೆಡಗನ್ನು ಬಿಡಿಸಿದೆನೆಂದು ಸಂತೋಷಪಡುವುದು ಸುಲಭವಾಗಿದೆ. ಟೀಕಾಕಾರರೇ ಎಲ್ಲ ಕಡೆಯಲ್ಲಿಯೂ ಒಮ್ಮತದವರಲ್ಲ. ಒಂದು ವಚನದಲ್ಲಿ ಒಂದನ್ನು ಸೂಚಿಸುವ ಪ್ರತಿಮೆಯು ಬೇರೊಂದು ವಚನದಲ್ಲಿ ಬೇರೊಂದನ್ನು ಸೂಚಿಸಬಹುದು. ಟೀಕೆಯು ದಾರಿಯ ಕೈಮರವೇ ಹೊರತು ಊರಲ್ಲ. ಕೈಮರವನ್ನು ಅಪ್ಪಿಕೊಂಡು ನಿಂತವನು ಊರನ್ನು ಸೇರಲಾರನು.

ಪ್ರಭುದೇವನ ಮತ್ತೊಂದು ಪ್ರಸಿದ್ಧ ಬೆಡಗಿನಲ್ಲಿ ಮನಸ್ಸು ಗರ್ಭ ಧರಿಸುತ್ತದೆ, ಹಡೆಯುವುದು ಮಾತ್ರ ಕೈ. ಕರ್ಪೂರದ ಪರಿಮಳವನ್ನು ಕಿವಿ ಕುಡಿಯುತ್ತದೆ, ಮುತ್ತಿನ ಹೊಳಪನ್ನು ಮೂಗು ನುಂಗುತ್ತದೆ, ಹಸಿದ ಕಣ್ಣುಗಳು ವಜ್ರವನ್ನು ತಿನ್ನುತ್ತವೆ. ಇಂದ್ರಿಯಗಳು ತಂತಮ್ಮ ಹಳೆಯ ಚಾಕರಿಯನ್ನು ಬಿಟ್ಟು ಲಿಂಗದ ಇಂದ್ರಿಯಗಳಾದ ಸ್ಥಿತಿಯನ್ನು ಇಲ್ಲಿ ಕಾಣಬಹುದು. ಮನದಲ್ಲಿ ನೆಲೆಗೊಂಡ ಭಾವವೇ ಕರಸ್ಥಲದಲ್ಲಿ ಇಷ್ಟಲಿಂಗವಾಗಿ ಮೂಡುತ್ತದೆಂಬುದು ಕೈಯ ಮಾತಿಗೆ ಹೊಂದುವ ಅರ್ಥ. ಗೃಹಸ್ಥನಾದವನು ಇದರಲ್ಲಿ ಇನ್ನೂ ಒಂದನ್ನು ಕಾಣಬೇಕಾಗಿದೆ.

ದೃಷ್ಟಾಂತಕ್ಕಾಗಿ ಒಬ್ಬ ಸದ್ಗೃಹಸ್ಥನನ್ನು ಭಾವಿಸಬಹುದು. ಹೊಲಮನೆಯುಳ್ಳವನು, ನಿತ್ಯ ಲಿಂಗಪೂಜೆಯನ್ನು ತಪ್ಪಿಸದವನು, ಪದಬಂಧವನ್ನು ಕಾಲು ಗಂಟೆಯಲ್ಲಿ ಬಿಡಿಸಬಲ್ಲವನು. ಶ್ರಾವಣ ಸೋಮವಾರದ ಗೋಷ್ಠಿಯಲ್ಲಿ ಅವನು ಇದೇ ವಚನವನ್ನು ಬಿಡಿಸಿ ಹೇಳುತ್ತಾನೆ. ಕೇಳಿದವರು ತಲೆದೂಗುತ್ತಾರೆ. ಹೆಗಲಿಗೆ ಬಂದ ಶಾಲಿನೊಡನೆ ಮನೆಗೆ ಮರಳಿದರೆ, ಜಗಲಿಯ ಮೇಲೆ ಕೂಲಿಯಾಳೊಬ್ಬನು ಕಾದು ಕುಳಿತಿದ್ದಾನೆ. ಕಳೆ ತೆಗೆದ ಮೂರು ದಿನದ ಕೂಲಿಯು ಅವನಿಗೆ ಬರಬೇಕಾಗಿದೆ. ಕಿಸೆಯಲ್ಲಿ ಹಣವಿದೆ. ಆದರೂ ಗೃಹಸ್ಥನು ದಣಿವಿನ ನೆವದಿಂದ ನಾಳೆ ಬಾ ಎಂದು ಹೇಳಿ ಒಳಗೆ ಹೋಗುತ್ತಾನೆ. ಕೂಲಿಯವನು ಮಾತನಾಡದೆ ಎದ್ದು ನಡೆಯುತ್ತಾನೆ.

ಗೋಷ್ಠಿಯಿಂದ ಜೊತೆಗೇ ಬಂದ ವೃದ್ಧ ತಾಯಿಯು ಇದನ್ನು ನೋಡಿದ್ದಾಳೆ. ಅವಳು ಓದು ಬಲ್ಲವಳಲ್ಲ. ಕೈಕಾಲು ತೊಳೆದು ಬಂದ ಮಗನನ್ನು ಅವಳು ಕೇಳುವುದು ಇಷ್ಟೇ:

“ತಮ್ಮಾ, ನಿನ್ನ ಮನಸ್ಸು ಬಸುರಾಗಿದ್ದು ಇವತ್ತ ಊರ ಮಂದಿಗೆಲ್ಲಾ ಗೊತ್ತಾತು. ಕೈ ಹಡಿಯೂದು ಯಾವಾಗ?”

ಗೃಹಸ್ಥನು ಉತ್ತರ ಕೊಡಲಾರನು. ಮಧ್ಯಾಹ್ನವೆಲ್ಲ ತಾನು ಬಿಡಿಸಿದ್ದ ವಚನವು ಆಗ ಮೊದಲ ಬಾರಿಗೆ ತನ್ನನ್ನೇ ಬಿಡಿಸುತ್ತಿರುವಂತೆ ಅವನಿಗೆ ತೋರುತ್ತದೆ. ಊಟಕ್ಕೆ ಕೂಡದೆ, ಕತ್ತಲಲ್ಲಿ ಬ್ಯಾಟರಿ ಹಿಡಿದು ಊರ ಆಚೆಯ ಗುಡಿಸಲಿಗೆ ನಡೆದು, ಕೂಲಿಯವನ ಕೈಗೆ ಅವನ ಹಣವನ್ನು ಎಣಿಸಿ ಕೊಡುತ್ತಾನೆ. “ಇಷ್ಟೊತ್ತಿನ್ಯಾಗ ಯಾಕ ಬಂದ್ರಿ ಧಣ್ಯಾರ? ನಾಳೆ ನಾನ ಬರ್ತಿದ್ದೆ” ಎಂದು ಅವನು ಸಂಕೋಚಪಡುತ್ತಾನೆ. ಗುಡಿಸಲಿನೊಳಗೆ ಒಲೆ ಹೊತ್ತಿರಲಿಲ್ಲವೆಂಬುದು ಗೃಹಸ್ಥನ ಕಣ್ಣಿಗೆ ಬೀಳುತ್ತದೆ. ಯಾವ ಟೀಕೆಯಲ್ಲಿಯೂ ಅವನು ಓದದ ಅರ್ಥವು ಅದಾಗಿತ್ತು.

ಬೆಡಗಿನ ಉತ್ತರವು ಮನಸ್ಸಿನಲ್ಲಿ ಹುಟ್ಟಿ ಮನಸ್ಸಿನಲ್ಲಿಯೇ ಉಳಿದರೆ ಅದು ಹೆರಿಗೆಯಾಗದ ಗರ್ಭ. ಕಾಯಕದಲ್ಲಿ ದುಡಿಯುವ, ದಾಸೋಹದಲ್ಲಿ ನೀಡುವ, ಸಲ್ಲಬೇಕಾದವರಿಗೆ ಸಲ್ಲಿಸುವ ಕೈಯೇ ಅದನ್ನು ಹಡೆಯಬೇಕು. ಇಷ್ಟಲಿಂಗವನ್ನು ಗುರುವು ಶಿಷ್ಯನ ಅಂಗೈಯಲ್ಲಿ ಇರಿಸಿದ ಮರ್ಮವನ್ನು ಇಲ್ಲಿ ಚಿಂತಿಸಬೇಕು. ಬೆಳಿಗ್ಗೆ ಲಿಂಗವನ್ನು ಹಿಡಿದ ಕೈ, ಸಂಜೆ ಬಡವನ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಪೂಜೆಯು ಒಡಪಿನ ಮೊದಲ ಸಾಲಿನಲ್ಲಿಯೇ ನಿಂತುಹೋದಂತೆ. ಒಡೆಯನ ಹೆಸರು ಬರಲೇ ಇಲ್ಲ.

ಆದುದರಿಂದ ಗೃಹಸ್ಥರಾದ ಭಕ್ತರು ಪದಬಂಧವನ್ನು ಬಿಡಿಸುವ ಹೊತ್ತಿನಲ್ಲಿ ಸ್ವಲ್ಪವನ್ನು ಬೆಡಗಿಗೂ ಮೀಸಲಿಡಬೇಕು. ವಾರಕ್ಕೆ ಒಂದೇ ವಚನವು ಸಾಕು. ಲಿಂಗಪೂಜೆಯ ಬಳಿಕ ಮನೆಮಂದಿಯೆಲ್ಲ ಕೂಡಿ ಅದನ್ನು ಓದಲಿ. ಮಕ್ಕಳು ತಮಗೆ ತೋಚಿದ ಅರ್ಥವನ್ನು ಹೇಳಲಿ. ತಪ್ಪಾದರೂ ಹಿರಿಯರು ನಗದಿರಲಿ. ಅಂದೇ ಟೀಕೆಯನ್ನು ತೆರೆಯುವ ಅವಸರ ಬೇಡ. ಅರ್ಥವಾಗದ ಮಾತನ್ನು ಒಂದು ದಿನ ಮನದಲ್ಲಿ ಹೊತ್ತು ತಿರುಗುವುದೂ ಒಂದು ತಪಸ್ಸೇ ಆಗಿದೆ. ಮರುದಿನ ಟೀಕೆಯನ್ನು ನೋಡಲಿ, ಬಲ್ಲವರನ್ನು ಕೇಳಲಿ. ವಾರದ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮೊಳಗೆ ಕೇಳಿಕೊಳ್ಳಲಿ: ಈ ವಾರ ಕೈ ಹಡೆದದ್ದು ಏನು?

ಪದಬಂಧದ ಉತ್ತರವು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬೆಡಗಿನ ಉತ್ತರವು ಭಕ್ತನ ಮರುದಿನದ ನಡೆಯಲ್ಲಿಯೇ ಅಚ್ಚಾಗಬೇಕು; ಅದನ್ನು ಓದುವವರು ಮನೆಯವರು, ನೆರೆಯವರು, ಜಗಲಿಯ ಮೇಲೆ ಕಾದು ಕುಳಿತವರು. ಅವರು ಓದಿ ಸರಿಯೆಂದು ತಲೆದೂಗುವಂತಹ ಉತ್ತರವನ್ನು ಬರೆಯುವ ಶಕ್ತಿಯು ಶರಣರ ಕೃಪೆಯಿಂದ ಸಕಲ ಸದ್ಭಕ್ತರಿಗೂ ದೊರೆಯಲಿ.