ಹಳೆಯ ಮೋಟಾರೂ ಹಳೆಯ ಎಣ್ಣೆಯೂ

ಹಿರಿಯರು ಬಿಟ್ಟುಹೋದ ವಸ್ತುವನ್ನು ಕಾಪಾಡುವದು ಪುತ್ರಧರ್ಮವೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ಅದನ್ನು ಅವರ ಕಾಲದ ಸಾಧನಗಳಿಂದಲೇ ಕಾಪಾಡಬೇಕೋ, ನಮ್ಮ ಕಾಲದ ಸಾಧನಗಳಿಂದ ಕಾಪಾಡಬಹುದೋ ಎಂಬಲ್ಲಿ ಮನಸ್ಸು ತೂಗಾಡುವದು. ಈ ಪ್ರಶ್ನೆಯು ಇತ್ತೀಚೆಗೆ ಒಂದು ತಗಡಿನ ಎಣ್ಣೆಡಬ್ಬಿಯ ರೂಪದಿಂದ ನಮ್ಮ ಮನೆಯ ಕಟ್ಟೆಗೆ ಬಂದಿತು.

ಸಿಂಧನೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನ ತಂದೆಯವರು ಕಳೆದ ವರ್ಷ ದಿವಂಗತರಾದರು. ಅವರ ೧೯೭೪ನೆಯ ಇಸವಿಯ ಅಂಬಾಸಿಡರ್ ಮೋಟಾರು ಇಂದಿಗೂ ನಡೆಯುತ್ತದೆ. ಉತ್ತರಪಾರಾದ ಕಾರಖಾನೆಯಲ್ಲಿ ಆ ಜಾತಿಯ ಗಾಡಿಗಳ ನಿರ್ಮಾಣವು ೨೦೧೪ರಲ್ಲಿ ನಿಂತುಹೋದ ಕಾರಣ, ಇದ್ದವುಗಳನ್ನು ಜೋಪಾನಮಾಡುವದೊಂದೇ ಉಳಿದ ದಾರಿ. ವರ್ಷಾಬ್ದಿಕಕ್ಕೆ ತಾಯಿಯನ್ನು ಅದೇ ಗಾಡಿಯಲ್ಲಿ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿನ ಅಣ್ಣನ ಮನೆಗೆ ಕರೆದೊಯ್ಯಬೇಕೆಂಬುದು ಅವನ ಸಂಕಲ್ಪವಾಗಿತ್ತು. ಅದೇ ವೇಳೆಗೆ ಅಟ್ಟದ ಮೇಲೆ, ತಂದೆಯವರು ಕೊಂಡಿಟ್ಟು ಮುದ್ರೆಯೊಡೆಯದೆ ಬಿಟ್ಟಿದ್ದ ಎಣ್ಣೆಡಬ್ಬಿಯೊಂದು ಸಿಕ್ಕಿತು. "ಗುರುಗಳೇ, ಅಪ್ಪನ ಗಾಡಿಗೆ ಅಪ್ಪನ ಎಣ್ಣೆಯನ್ನೇ ಹಾಕಿದರೆ ಅವರಿಗೆ ತೃಪ್ತಿಯಾಗಲಾರದೆ?" ಎಂದು ಅವನು ಕೇಳಿದನು.

ಹಾಕಬಹುದೆಂದು ನಾನು ಹೇಳಿಬಿಟ್ಟೆನು. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬ ಒಂದೇ ಹೆಸರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ತಿಳಿಸುವಾಗ ಎಣ್ಣೆಯುಂಡ ಬಂಡಿಯ ಅಚ್ಚೇ ಒಂದು ದೃಷ್ಟಾಂತವಾಗಿದೆ. ವೈದ್ಯರು ಪುರಾಣಘೃತವೆಂದು ಹಳೆಯ ತುಪ್ಪವನ್ನು ಬಹುವಾಗಿ ಮನ್ನಿಸುವರು. ಇಷ್ಟನ್ನು ಬಲ್ಲ ನನಗೆ, ತುಪ್ಪಕ್ಕೆ ಸಲ್ಲುವ ನ್ಯಾಯವು ಯಂತ್ರದ ಎಣ್ಣೆಗೂ ಸಲ್ಲುವದೆಂದು ತೋರಿತು. ಬಲ್ಲ ಒಂದು ವಿದ್ಯೆಯ ಬಲದಿಂದ ಅರಿಯದ ಇನ್ನೊಂದರಲ್ಲಿ ತೀರ್ಪುಕೊಡುವದು ಪಂಡಿತರ ಹಳೆಯ ದೋಷವು. ಆ ದಿನ ಅದು ನನ್ನದಾಯಿತು.

ಶಿಷ್ಯನ ಪುಣ್ಯದಿಂದ ಎಣ್ಣೆಯನ್ನು ಹಾಕತಕ್ಕ ಮೇಸ್ತ್ರಿಯು ನನಗಿಂತ ವಿವೇಕಿಯಾಗಿದ್ದನು. ಅವನು ಡಬ್ಬಿಯನ್ನು ತಿರುಗಿಸಿ ನೋಡಿದನು. ಅದರ ಮೇಲೆ ಮಂದತೆಯನ್ನು ಸೂಚಿಸುವ ೪೦ ಎಂಬ ಅಂಕಿಯ ಹೊರತಾಗಿ ದರ್ಜೆಯ ಗುರುತೇ ಇರಲಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಖನಿಜತೈಲವು ಬೇಗ ಕೆಡುವದಿಲ್ಲವೆಂಬುದು ದಿಟ. ಆದರೆ ಅದರಲ್ಲಿ ಬೆರೆಸಿದ ಔಷಧದ್ರವ್ಯಗಳು ವರ್ಷಗಳು ಕಳೆದಂತೆ ತಳಕ್ಕಿಳಿಯಬಹುದು, ತೇವವೂ ಸೇರಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ದ್ರವ್ಯಗಳೇ ಇಲ್ಲದ ಬರಿಯ ಎಣ್ಣೆಗಳೂ ಹಿಂದೆ ಮಾರಾಟವಾಗುತ್ತಿದ್ದವು. ಅಮೇರಿಕೆಯ ಪೆಟ್ರೋಲಿಯಮ್ ಸಂಸ್ಥೆಯವರು ಅಂಥದಕ್ಕೆ ಎಸ್.ಎ. ಎಂಬ ದರ್ಜೆಯನ್ನು ಕೊಟ್ಟು, ೧೯೩೦ರ ತರುವಾಯ ಹುಟ್ಟಿದ ಬಹುತೇಕ ಪೆಟ್ರೋಲು ಯಂತ್ರಗಳಿಗೆ ಅದು ಸಲ್ಲದೆಂದು ಹೇಳಿದ್ದಾರೆ. ಅದರ ಮೇಲಿನ ಎಸ್.ಬಿ. ದರ್ಜೆಯು ೧೯೫೧ರ ತರುವಾಯದವುಗಳಿಗೆ ಸಲ್ಲದು. ಉರಿದ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಹೊರತರುವ ಶಕ್ತಿಯಾಗಲಿ, ಆಮ್ಲವನ್ನು ಶಮನಮಾಡುವ ಶಕ್ತಿಯಾಗಲಿ ಬರಿಯ ಎಣ್ಣೆಗಿಲ್ಲ. ಮಸಿಯು ಒಳಗೇ ಕೆಸರಾಗಿ ಕುಳಿತು, ಎಣ್ಣೆ ಹರಿಯುವ ಸಣ್ಣ ದಾರಿಗಳನ್ನು ಕಟ್ಟುವದು.

ಹಾಗಾದರೆ ಹೊಸದೆಲ್ಲ ಒಳ್ಳೆಯದೋ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆನು. ಅದಕ್ಕೂ ಅವನು ಒಪ್ಪಲಿಲ್ಲ. ಈಚಿನ ಗಾಡಿಗಳ ಹೊಗೆಯನ್ನು ಶುದ್ಧಿಮಾಡುವ ಸಾಧನವು ರಂಜಕದಿಂದ ಕೆಡುವದಾದ್ದರಿಂದ, ಅನೇಕ ಹೊಸ ಎಣ್ಣೆಗಳಲ್ಲಿ ಸತುವೂ ರಂಜಕವೂ ಕೂಡಿದ ರಕ್ಷಕದ್ರವ್ಯವನ್ನು ಕಡಿಮೆಮಾಡಿದ್ದಾರೆ. ಅಂಬಾಸಿಡರಿನಂಥ ಹಳೆಯ ಯಂತ್ರಗಳಲ್ಲಿ ಲೋಹವು ಲೋಹದ ಮೇಲೆ ಜಾರುತ್ತ ತಿಕ್ಕುವ ಭಾಗಗಳಿಗೆ ಅದೇ ದ್ರವ್ಯವು ಕವಚವು. ತೀರ ತೆಳುವಾದ ಹೊಸ ಎಣ್ಣೆಯು ಸವೆದ ಸಂದುಗಳಲ್ಲಿ ನಿಲ್ಲದು. ಗಿಯರು ಪೆಟ್ಟಿಗೆಯ ಕೆಲವು ಹೊಸ ಎಣ್ಣೆಗಳು ಹಳೆಯ ಹಿತ್ತಾಳೆಯ ಭಾಗಗಳನ್ನು ತಿನ್ನುವವು. ಆದುದರಿಂದ ಹೊಸದಾಗಿ ತಯಾರಾದ, ಆದರೆ ಹಳೆಯ ಯಂತ್ರದ ಸ್ವಭಾವಕ್ಕೆ ಒಗ್ಗುವ, ೨೦-೫೦ ಮಂದತೆಯ ಖನಿಜತೈಲವನ್ನು ಅವನು ಆರಿಸಿದನು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ತಂದೆಯ ಕೊನೆಯ ಗುರುತನ್ನು ತಿರಸ್ಕರಿಸಿದಂತೆ ಅವನು ಕಣ್ಣಲ್ಲಿ ನೀರು ತಂದನು. ಆಗ ಅವನ ತಾಯಿಯವರು ಗಾಡಿಯ ಲೆಕ್ಕದ ವಹಿಯನ್ನು ತಂದುಕೊಟ್ಟರು. ಪ್ರತಿಸಲ ಎಣ್ಣೆ ಬದಲಿಸಿದ ತಾರೀಖನ್ನೂ ಗಾಡಿ ನಡೆದ ದೂರವನ್ನೂ ತಂದೆಯವರು ತಪ್ಪದೆ ಬರೆದಿಟ್ಟಿದ್ದರು. ಒಂದು ಪುಟದ ಅಂಚಿನಲ್ಲಿ, ಹೆಚ್ಚು ಒಳ್ಳೆಯ ಎಣ್ಣೆಯು ಪೇಟೆಗೆ ಬಂದಿದೆಯೆಂದೂ, ಮೊದಲಿನದನ್ನು ಇನ್ನು ಹಾಕಕೂಡದೆಂದೂ ಅವರ ಕೈಬರಹವಿತ್ತು. ನಾವು ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ಡಬ್ಬಿಯು ಅವರು ಬೇಡವೆಂದು ಬಿಟ್ಟದ್ದಾಗಿತ್ತು!

ವಾಚಕರೇ, ಆ ಬರಹವನ್ನು ಓದಿದ ಮೇಲೆ ನನ್ನ ವಿಚಾರವು ನೆಟ್ಟಗಾಯಿತು. ನಮ್ಮ ಸೀಮೆಯಲ್ಲಿ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಬೆರೆಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೆ ತೂಗಹಾಕುತ್ತಿದ್ದರು. ಧೂಳು ಕೂಡಿ ಗಟ್ಟಿಯಾದುದನ್ನು ಒರಸಿ ತೆಗೆದು ಹೊಸದನ್ನು ಹಚ್ಚುತ್ತಿದ್ದರೇ ವಿನಾ, ಅಜ್ಜನು ಕಲಸಿದ ಕೀಲೆಣ್ಣೆಯೆಂದು ಯಾವ ಒಕ್ಕಲಿಗನೂ ಮೊಮ್ಮಕ್ಕಳಿಗಾಗಿ ಕಾಯ್ದಿಡಲಿಲ್ಲ. ಅಚ್ಚು ಉಳಿಯಬೇಕಾದರೆ ಎಣ್ಣೆಯು ಬದಲಾಗುತ್ತಿರಬೇಕು. ಪರಂಪರೆಯೆಂಬುದು ಆ ಬದಲಿಸುವ ಕೈಯಲ್ಲಿದೆ. ಹಿರಿಯರನ್ನು ಅನುಸರಿಸುವದೆಂದರೆ ಅವರ ಎಚ್ಚರವನ್ನು ಅನುಸರಿಸುವದು.

ಆ ಪ್ರಯಾಣದ ನಡುದಾರಿಯ ಮಸ್ಕಿಯೇ ಇದಕ್ಕೆ ಸಾಕ್ಷಿಯಾಗಿದೆ. ಅಲ್ಲಿಯ ಶಿಲಾಶಾಸನವು ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಅದು ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನ ಕಣ್ಣಿಗೆ ಬಿದ್ದಿತು. ೧೮೩೭ರಲ್ಲಿ ಪ್ರಿನ್ಸೆಪನು ಬ್ರಾಹ್ಮೀಲಿಪಿಯನ್ನು ಬಿಡಿಸಿದ್ದರಿಂದಲೇ ಅದನ್ನು ಓದುವದು ಸಾಧ್ಯವಾಯಿತು. ದೇವಾನಾಂಪ್ರಿಯನು ಅಶೋಕನೇ ಎಂಬುದು ಆ ಕಲ್ಲಿನಿಂದ ಸ್ಥಿರವಾಯಿತು. ಹಳೆಯ ಶಿಲೆಗೆ ಹೊಸ ವಿದ್ಯೆಯು ಶುಶ್ರೂಷೆ ಮಾಡಿದ ಕಾರಣ, ಮರೆತುಹೋದ ದೊರೆಯ ಹೆಸರು ಮತ್ತೆ ಬಾಯಿಗೆ ಬಂದಿತು.

ಮನೆಯ ಮುದುಕರ ವಿಷಯದಲ್ಲಿಯೂ ಇದೇ ಮಾತು ಸಲ್ಲುವದು. ಹಳಬರೆಂದು ಅವರಿಗೆ ಹಳೆಯ ಔಷಧವನ್ನೇ ಕೊಡುವದು ಭಕ್ತಿಯಲ್ಲ. ಹೊಸದೆಂಬ ಮಾತ್ರಕ್ಕೆ ಅವರ ಪ್ರಕೃತಿಯನ್ನು ನೋಡದೆ ಏನನ್ನಾದರೂ ಕೊಡುವದು ಬುದ್ಧಿಯೂ ಅಲ್ಲ. ಇಬ್ಬರೂ ಎದುರಿಗಿರುವವರನ್ನು ನೋಡುವದಿಲ್ಲ. ಒಬ್ಬನು ತನ್ನ ಭಾವನೆಯನ್ನು ನೋಡಿಕೊಳ್ಳುವನು, ಇನ್ನೊಬ್ಬನು ಪೇಟೆಯನ್ನು ನೋಡುವನು.

ವರ್ಷಾಬ್ದಿಕದ ಮುನ್ನಾದಿನ ಗಾಡಿಯು ತಾಯಿಯನ್ನು ಕೂಡಿಸಿಕೊಂಡು ಸುಖವಾಗಿ ಲಿಂಗಸುಗೂರು ಸೇರಿತು. ಎಣ್ಣೆ ಬದಲಿಸಿದ ತಾರೀಖನ್ನು ಮಗನು ತಂದೆಯವರ ವಹಿಯಲ್ಲಿ, ಅವರ ಕೊನೆಯ ಸಾಲಿನ ಕೆಳಗೆ ಬರೆದಿದ್ದಾನೆ. ಹಳೆಯ ಡಬ್ಬಿಯ ಎಣ್ಣೆಯೂ ವ್ಯರ್ಥವಾಗಲಿಲ್ಲ. ಅದನ್ನು ಅವರ ಮನೆಯ ತಲಬಾಗಿಲಿನ ಕೀಲುಗಳಿಗೆ ಹಚ್ಚುತ್ತಿದ್ದಾರೆ. ಆ ಕೆಲಸಕ್ಕೆ ಅದು ಇಂದಿಗೂ ಯೋಗ್ಯವಾಗಿದೆ.