ಜಾಮೀನೂ ನ್ಯಾಯವೂ

ದೋಷವು ಸಿದ್ಧವಾಗುವುದಕ್ಕೆ ಮೊದಲೇ ಒಬ್ಬನನ್ನು ಎಷ್ಟು ಕಾಲ ಸೆರೆಯಲ್ಲಿಡುವುದು ನ್ಯಾಯ? ನಮ್ಮ ದೇಶದ 1973ರ ದಂಡಪ್ರಕ್ರಿಯಾ ಸಂಹಿತೆಯು, 2005ರ ತಿದ್ದುಪಡಿಯ ಬಳಿಕ, ಗರಿಷ್ಠ ಶಿಕ್ಷೆಯ ಅರ್ಧಕಾಲವನ್ನು ಕಳೆದ ವಿಚಾರಣಾಧೀನ ಬಂದಿಯನ್ನು ಸಾಮಾನ್ಯವಾಗಿ ಬಿಡಬೇಕೆಂದಿತು. ಮರಣದಂಡನೆಯ ಅಪರಾಧಗಳು ಮಾತ್ರ ಇದಕ್ಕೆ ಹೊರಗು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಹಿಂದೆಂದೂ ಶಿಕ್ಷೆ ಹೊಂದದವನಿಗೆ ಆ ಅವಧಿಯನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿತು. ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆಯನ್ನು ಸೆರೆಮನೆಯ ಅಧಿಕಾರಿಯ ಮೇಲೆಯೇ ಇಟ್ಟಿತು. ಇದು ದಯೆಯೇ ಸರಿ. ಆದರೆ ಜೀವಾವಧಿ ಶಿಕ್ಷೆಯ ಆರೋಪವುಳ್ಳವನಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿರುವವನಿಗೂ ಅದು ಈ ಬಾಗಿಲನ್ನು ಮುಚ್ಚಿತು. ಮೊಕದ್ದಮೆಗಳ ಸಂಖ್ಯೆಯು ದೋಷಕ್ಕೆ ಪ್ರಮಾಣವೇ? ಹತ್ತು ಸಂದೇಹಗಳು ಕೂಡಿದರೂ ಒಂದು ನಿರ್ಣಯವಾಗದು. ಸಿರಿವಂತನು ಹೊಣೆಗಾರರನ್ನು ತಂದು ಬೇಗನೆ ಮನೆ ಸೇರುವನು. ಬಡವನು ಈ ಭಾಗಾಕಾರವನ್ನೇ ನೆಚ್ಚಿ ಕಾಯುವನು. ಕೊನೆಗೆ ಅವನು ನಿರ್ದೋಷಿಯೆಂದು ತೀರ್ಪಾದರೆ, ಕಳೆದ ಆ ದಿನಗಳನ್ನು ಹಿಂದಿರುಗಿಸುವವರಾರು?